ಬೇಟೆ ಸೀಸನ್ ಮುಗೀತು, ಗಿಡುಗ ಈಗ ನನ್ನ ಮಾತೇ ಕೇಳ್ತಿಲ್ಲ

ಒಹಾಯೊ_ಗಿಡುಗ:
ಎಲ್ಲರಿಗೂ ನಮಸ್ಕಾರ, ನಾನು ಕೊಲಂಬಸ್ ಹತ್ರ ಇರೋದು, ಫಾಲ್ಕನ್ರಿಯಲ್ಲಿ (ಗಿಡುಗ ಪಳಗಿಸಿ ಬೇಟೆ ಆಡೋದು) ಇನ್ನೂ ಅಪ್ರೆಂಟಿಸ್, ಮೊದಲನೇ ವರ್ಷ. ಹೋದ ಅಕ್ಟೋಬರಲ್ಲಿ ಸ್ಪಾನ್ಸರ್ (ನಂಗೆ ಕಲಿಸೋ ಹಿರಿಯರು) ಜೊತೆ ಹೋಗಿ ಒಂದು ರೆಡ್‌ಟೇಲ್ ಜಾತಿ ಹೆಣ್ಣು ಗಿಡುಗ ಹಿಡಿದ್ವಿ, ಅದೇ ವರ್ಷ ಹುಟ್ಟಿದ್ದು, ಚಳಿಗಾಲ ಪೂರ್ತಿ ಅಳಿಲು ಮೊಲ ಅಂತ ಚೆನ್ನಾಗೇ ಬೇಟೆ ಆಡಿದ್ಲು. ಆಗ 1080 ಗ್ರಾಂ ಇರೋಳು, ಸೀಟಿ ಊದಿದ್ರೆ ಸಾಕು ಮರದಿಂದ ನೇರ ಕೈಗೆ. ಮಾರ್ಚ್‌ನಿಂದ ಹೊಟ್ಟೆ ತುಂಬ ಹಾಕ್ತಿದೀನಿ, ಈಗ 1290. ಸೀಟಿಗೆ ತಿರುಗಿ ಕೂಡ ನೋಡಲ್ಲ, ಗ್ಲೌಸ್ ಹತ್ರ ತಂದ್ರೆ ಬಾಯಿ ಬಿಟ್ಕೊಂಡು ಕತ್ತಿನ ಪುಕ್ಕ ನಿಗುರಿಸ್ತಾಳೆ, ಮೊನ್ನೆ ಗ್ಲೌಸ್ ಮುಗಿಯೋ ಕಡೆ ತೋಳಿಗೇ ಉಗುರು ಹಾಕಿದ್ಲು. ಕಲಿಸಿದ್ದೆಲ್ಲಾ ಮರೆತುಬಿಟ್ಟಳಾ? ತೂಕ ಸ್ವಲ್ಪ ಇಳಿಸಿ ದಿನಾ ಹತ್ತು ನಿಮಿಷ ಪ್ರಾಕ್ಟೀಸ್ ಮಾಡಿಸ್ಲಾ, ಇಲ್ಲಾ ಕಾಡಿಗೆ ಬಿಟ್ಟೇಬಿಡ್ಲಾ? ಸ್ಪಾನ್ಸರ್ ಊರಲ್ಲಿಲ್ಲ, ಇನ್ನೂ ಎರಡು ವಾರ ಆಗುತ್ತೆ ಬರೋದು.

ಹುಬ್ಬಳ್ಳಿ_ಟು_ಟೆಕ್ಸಸ್:
ಮರ್ತಿಲ್ರೀ, ಹೊಟ್ಟಿ ತುಂಬೇತಿ ಅಷ್ಟ. ಹಸಿವಿದ್ದಾಗ ನಿಮ್ಮ ಕೈ ಅಂದ್ರ ಊಟ, ಈಗ ನೀವ್ಯಾರೋ ಅದಕ್ಕೇನಾಗಬೇಕು. ಆದ್ರ ತೂಕ ಮಾತ್ರ ಇಳಸಬ್ಯಾಡ್ರಿ, ಕೈ ಮುಗೀತೀನಿ. ಈಗ ಹಳೇ ಪುಕ್ಕ ಉದುರಿ ಹೊಸಾವು ಬೆಳಿಯೋ ಹೊತ್ತು, ಇದರಾಗ ಊಟ ಕಮ್ಮಿ ಬಿದ್ರ ಆ ದಿನದ್ದು ಪುಕ್ಕದ ಮ್ಯಾಲೆ ಅಡ್ಡ ಗೆರಿ ಬೀಳ್ತದ, ಬ್ಲೇಡಿನಿಂದ ಗೀರಿದಂಗ, ಮುಂದ ಮೊಲದ ಬೆನ್ನತ್ತಿ ಪೊದಿಯೊಳಗ ನುಗ್ಗಿದಾಗ ಕರೆಕ್ಟಾಗಿ ಅಲ್ಲೇ ಮುರೀತದ. ನನ್ನ ಮೊದಲನೇ ಹಕ್ಕಿಗೆ ನಾನ ಹಿಂಗ ಮಾಡಿ, ಬಾಲದ ಹನ್ನೆರಡು ಪುಕ್ಕದಾಗ ನಾಕು ಮುರದು, ಹಳೇ ಪುಕ್ಕ ತಂದು ಒಳಗ ಸಣ್ಣ ಬಿದಿರ ಕಡ್ಡಿ ಕೊಟ್ಟು ಅಂಟಿಸಿಕೋತ ರಾತ್ರಿ ಎಲ್ಲಾ ಕುಂತಿದ್ದೆ. ಅದಕ್ಕ ಈಗ ಉದುರಿದ್ದು ಒಂದೂ ಒಗೀಬ್ಯಾಡ್ರಿ, ಎಡ ಬಲ ಬರದು ಕವರ್‌ನ್ಯಾಗ ಇಡ್ರಿ.

ಕಾಲಿಗೆ ಕಟ್ಟಿದ ಪಟ್ಟಿ (ಜೆಸ್) ಬಿಚ್ಚಿ ಕೋಣ್ಯಾಗ ಆರಾಮ್ ಬಿಡ್ರಿ, ಇಡೀ ಕ್ವೇಲ್ ಹಕ್ಕಿ, ಇಲಿ ಹಾಕ್ರಿ, ಮರುದಿನ ಮುಂಜಾನೆ ಅರಗದ ಕೂದಲಿನ ಉಂಡಿ ಕಕ್ಕೇದೋ ಇಲ್ಲೋ ನೋಡ್ರಿ. ಸೊಳ್ಳಿ ಪರದಿ ಹಾಕೀರೇನು? ಬ್ಯಾಸಗಿ ಕಡೀಕ ಸೊಳ್ಳಿಯಿಂದ ಹರಡೋ ವೆಸ್ಟ್ ನೈಲ್ ರೋಗ ಬಂತಂದ್ರ ಎರಡು ಮೂರು ದಿನದಾಗ ಹಕ್ಕಿ ಹೋಗಬಹುದು. ಬಿಡೋದಿದ್ರ ಪುಕ್ಕ ಉದುರೂ ಮೊದಲ, ಮಾರ್ಚ್ ಏಪ್ರಿಲ್‌ನ್ಯಾಗ ಬಿಡಬೇಕಿತ್ತು, ನಾನಾದ್ರ ಈಗ ಬಿಡಂಗಿಲ್ಲ.

ಕುಡ್ಲದವ:
ನಾನು ಅಬುಧಾಬಿಯಲ್ಲಿ ಒಬ್ಬರ ಫಾಲ್ಕನ್ ನೋಡಿಕೊಳ್ಳುವ ಕೆಲಸದಲ್ಲಿ ಇರುವುದು ಮಾರಾಯ್ರೆ, ನಿಮ್ಮ ಗಿಡುಗಕ್ಕೂ ಇದಕ್ಕೂ ವ್ಯತ್ಯಾಸ ಉಂಟು, ಆದ್ರೂ ಹೇಳ್ತೇನೆ. ಇಲ್ಲಿ ಹೊರಗೆ 45 ಡಿಗ್ರಿ, ಹಕ್ಕಿಗಳು ನಾಲ್ಕೈದು ತಿಂಗಳು ಏಸಿ ರೂಮಲ್ಲಿ. ನಮಗೆ ದೊಡ್ಡ ತಲೆನೋವು ಕಾಲಿನದ್ದು. ದಪ್ಪ ಹಕ್ಕಿ ಒಂದೇ ಕಡೆ ಕೂತು ಕೂತು ಪಾದದ ಅಡಿ ಮೊದಲು ಕೆಂಪಾಗಿ ನುಣ್ಣಗೆ ಹೊಳೀತದೆ, ಆಮೇಲೆ ಬಾವು, ಆಮೇಲೆ ಆಪರೇಷನ್. ಕೂರುವ ಕಡೆ ಪ್ಲಾಸ್ಟಿಕ್ ಹುಲ್ಲು ಹಾಕಿ, ಬೇರೆ ಬೇರೆ ದಪ್ಪದ ಎರಡು ಮೂರು ಜಾಗ ಮಾಡಿ. ಪೂರ್ತಿ ಒಂಟಿ ಬಿಡುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ, ಸಂಜೆ ಮಾಂಸ ಕೈಯಲ್ಲೇ ಹಿಡಿದು ಸೀಟಿ ಊದಿ, ಬಂದ್ರೆ ಬಂತು, ಇಲ್ಲದಿದ್ರೆ ಅಲ್ಲೇ ಇಟ್ಟು ಬನ್ನಿ.

ಹುಬ್ಬಳ್ಳಿ_ಟು_ಟೆಕ್ಸಸ್:
ಅದು ಖರೇ. ಹಟ ಹಿಡದು ಜಗ್ಗ್ಯಾಡಬಾರದು ಅಂತ ಹೇಳಿದ್ದು.

ಬೀದರ್_ಹುಡುಗ:
ನಮ್ ಕಲ್ಯಾಣದ ಚಾಲುಕ್ಯ ರಾಜ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ಮಾನಸೋಲ್ಲಾಸದಲ್ಲಿ ಗಿಡುಗದ ಬೇಟೆ ಬಗ್ಗೆ ಬರೆಸಿದಾನೆ, ಸಾಳುವ ಅಂದ್ರೂ ಗಿಡುಗಾನೇ. ಇಲ್ಲಿ ಒಂದು ಶಿಕ್ರಾ ಗಿಡುಗ ಸಾಕಬಹುದಾ?

ಒಹಾಯೊ_ಗಿಡುಗ:
ಬೇಡ ಗುರೂ, ಅಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಕೇಸ್ ಆಗುತ್ತೆ. ಇಲ್ಲೂ ಪರೀಕ್ಷೆ ಬರೆದು, ಕೋಣೆ ಇನ್ಸ್‌ಪೆಕ್ಷನ್ ಮಾಡಿಸಿನೇ ಲೈಸೆನ್ಸ್ ಸಿಕ್ಕಿದ್ದು.

ಹುಬ್ಬಳ್ಳಿಯವರೇ, ಕುಡ್ಲದವರೇ, ಥ್ಯಾಂಕ್ಸ್. ಈಗಷ್ಟೇ ಹೋಗಿ ನೋಡ್ಕೊಂಡ್ ಬಂದೆ, ಪಾದ ಸರಿಯಾಗಿದೆ, ಒರಟಾಗೇ ಇದೆ. ಬಾಲದ ನಡುವಿಂದು ಎರಡು ಕಂದು ಪಟ್ಟೆ ಪುಕ್ಕ ನೆಲದ ಮೇಲೆ ಬಿದ್ದಿದ್ವು, ಆ ಜಾಗದಲ್ಲಿ ನೀಲಿ ಕೊಳವೆ ತುದೀಲಿ ಇಟ್ಟಿಗೆ ಕೆಂಪು ಇಣುಕ್ತಿದೆ, ಅರ್ಧ ಇಂಚೂ ಇಲ್ಲ. ಪರದೆ ಇಲ್ಲ, ಶನಿವಾರ ಹಾಕ್ತೀನಿ. ಕಿಟಕಿ ಮೆಶ್ ಸಾಕಾ, ಉಗುರಲ್ಲಿ ಹರೀತಾಳಾ?

ಹುಬ್ಬಳ್ಳಿ_ಟು_ಟೆಕ್ಸಸ್:
ಹರೀತದ. ಹೊರಗಿಂದ ಹೊಡೀರಿ, ಒಳಗಿನ ಕಂಬಿ ಹಂಗ ಇರ್ಲಿ, ನಡುವ ನಾಕು ಇಂಚ್ ಸಂದಿ ಬಿಡ್ರಿ.