ಹಣ್ಣು ತಿಂದ ಮೇಲೆ ಗಿಳಿಯ ಹಿಕ್ಕೆ ನೀರಾಗುತ್ತಿದೆ: ಹಣ್ಣು ಕೊಡುವುದನ್ನು ನಿಲ್ಲಿಸಬೇಕೇ?

ಪ್ರಶ್ನೆ

ನಮ್ಮಲ್ಲಿ ಎರಡು ವರ್ಷದ ಕಾಕಟೀಲ್ ಎಂಬ ಪುಟ್ಟ ಗಿಳಿ ಇದೆ. ಇದುವರೆಗೆ ಕಾಳುಗಳನ್ನಷ್ಟೇ ತಿಂದು ಬೆಳೆದ ಅದಕ್ಕೆ ಕಳೆದ ವಾರದಿಂದ ಬೆಳಿಗ್ಗೆ ಸೇಬು, ದ್ರಾಕ್ಷಿ ಕೊಡಲು ಆರಂಭಿಸಿದ್ದೇನೆ. ತಿಂದ ಸ್ವಲ್ಪ ಹೊತ್ತಿನಲ್ಲೇ ಪಂಜರದ ತಳದ ಕಾಗದದಲ್ಲಿ ಹಿಕ್ಕೆಯ ಸುತ್ತ ಅಗಲವಾದ ಒದ್ದೆ ಕಾಣಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಮೊದಲಿನಂತಾಗುತ್ತದೆ. ಹಕ್ಕಿ ಎಂದಿನಂತೆ ಚುರುಕಾಗಿಯೇ ಇದೆ. ಇದು ಭೇದಿಯೇ? ಹಣ್ಣನ್ನು ಎಷ್ಟು, ಹೇಗೆ ಕೊಡಬೇಕೆಂದು ತಿಳಿದವರು ದಯವಿಟ್ಟು ಹೇಳಿ.

ಮೊದಲ ಉತ್ತರ

ತಾವು ವಿವರಿಸಿದ್ದನ್ನು ನೋಡಿದರೆ ಭೇದಿಯೆನಿಸುವುದಿಲ್ಲ. ಹಕ್ಕಿಯ ಹಿಕ್ಕೆಯಲ್ಲಿ ಹಸಿರು ಇಲ್ಲವೇ ಕಂದು ಬಣ್ಣದ ಮಲ, ಸುಣ್ಣದಂಥ ಬಿಳಿ ಯೂರೇಟ್ (ಮೂತ್ರದ ಗಟ್ಟಿ ಅಂಶ) ಮತ್ತು ತಿಳಿಯಾದ ಮೂತ್ರ ಎಂಬ ಮೂರು ಭಾಗಗಳಿದ್ದು, ನೀರಿನಂಶ ಹೆಚ್ಚಿರುವ ಹಣ್ಣು ತಿಂದಾಗ ಮೂತ್ರದ ಭಾಗವಷ್ಟೇ ಹೆಚ್ಚುತ್ತದೆ. ಅಚ್ಚಾದ ಪತ್ರಿಕೆಯ ಬದಲು ಬಿಳಿ ಹಾಳೆ ಹಾಸಿ ನೋಡಿ: ಒದ್ದೆಯ ನಡುವೆ ಮಲದ ಎಳೆ ಸುರುಳಿಯಾಗಿ ಉಳಿದಿದ್ದರೆ ಚಿಂತೆಯಿಲ್ಲ, ಎಳೆಯೇ ಕದಡಿ ಹರಡಿದ್ದರೆ, ಅಥವಾ ಹಣ್ಣು ಕೊಡದ ದಿನವೂ ಒದ್ದೆ ಮುಂದುವರಿದರೆ, ಹಕ್ಕಿಗಳನ್ನು ನೋಡುವ ಪಶುವೈದ್ಯರ ಬಳಿಗೆ ಕೊಂಡೊಯ್ಯಿರಿ. ಬಣ್ಣವೂ ಮೋಸ ಮಾಡುತ್ತದೆ. ಬೀಟ್‌ರೂಟ್ ತಿಂದ ದಿನ ನನ್ನ ಗಿಳಿಯ ಕೆಂಪು ಹಿಕ್ಕೆ ಕಂಡು ರಕ್ತವೆಂದೇ ಗಾಬರಿಗೊಂಡಿದ್ದೆ.

ಎರಡನೆಯ ಉತ್ತರ

ಒದ್ದೆಗಿಂತ ಹೆಚ್ಚು ಯೋಚಿಸಬೇಕಾದದ್ದು ಸೇಬಿನ ಬೀಜದ ಬಗ್ಗೆ. ಗಿಳಿ ಬೀಜವನ್ನು ನುಂಗದೆ ಒಡೆದು ತಿನ್ನುವ ಹಕ್ಕಿ. ಸೇಬು, ಪೀಚ್, ಪ್ಲಮ್, ಚೆರ್ರಿಗಳ ಬೀಜದೊಳಗಿನ ಅಮಿಗ್ಡಲಿನ್ ಎಂಬ ವಸ್ತು, ಬೀಜ ಒಡೆದಾಗ ಸಯನೈಡ್ ಬಿಡುಗಡೆ ಮಾಡುತ್ತದೆ. ಆದ್ದರಿಂದ ನಡುವಿನ ಗಟ್ಟಿ ಭಾಗದ ಸಮೇತ ಬೀಜ ತೆಗೆದೇ ಕೊಡಿ. ಬೆಣ್ಣೆಹಣ್ಣನ್ನಂತೂ (ಅವಕಾಡೊ) ಒಂದು ಚೂರೂ ಕೊಡಬಾರದು, ಅದರಲ್ಲಿರುವ ಪರ್ಸಿನ್ ಎಂಬ ವಸ್ತು ಹಕ್ಕಿಯ ಹೃದಯಕ್ಕೇ ಪೆಟ್ಟು ಕೊಡುತ್ತದೆ. ಅದನ್ನು ಹೆಚ್ಚಿದ ಚಾಕುವನ್ನು ತೊಳೆಯದೆ ಬಳಸುವುದೂ ನನಗೆ ಸರಿಕಾಣದು.

ಪ್ರಮಾಣದ ವಿಷಯದಲ್ಲಿ ನಾವೆಲ್ಲರೂ ಎಡವುತ್ತೇವೆ. ಕಾಕಟೀಲ್ ತೂಗುವುದು ಸುಮಾರು 90 ಗ್ರಾಂ. 5 ಗ್ರಾಮಿನ ಒಂದೇ ದ್ರಾಕ್ಷಿ ಅದಕ್ಕೆ, 60 ಕಿಲೋ ತೂಕದ ಮನುಷ್ಯನಿಗೆ 3 ಕಿಲೋಗಿಂತ ಹೆಚ್ಚು ಹಣ್ಣಿದ್ದಂತೆ. ಮಕರಂದವನ್ನೇ ನೆಚ್ಚಿದ ಲೋರಿ ಜಾತಿಯ ಗಿಳಿಗಳ ಮಾತು ಬೇರೆ. ಉಳಿದ ಗಿಳಿಗಳಿಗೆ ಹಣ್ಣು ದಿನದ ಆಹಾರದ ಹತ್ತನೇ ಒಂದು ಪಾಲು ಮೀರದಿರುವುದು ಒಳ್ಳೆಯದು.

ಮೂರನೆಯ ಉತ್ತರ

ಬರೀ ಕಾಳು ತಿಂದು ಬೆಳೆದ ಹಕ್ಕಿಗೆ ಸಾಮಾನ್ಯವಾಗಿ ಕೊರತೆಯಾಗುವುದು ವಿಟಮಿನ್ ಎ. ಅದು ಸೇಬು, ದ್ರಾಕ್ಷಿಗಳಿಂದ ಅಷ್ಟಾಗಿ ತುಂಬುವುದಿಲ್ಲ. ಪರಂಗಿ, ಮಾವು ಉತ್ತಮ, ಕ್ಯಾರೆಟ್ ಮತ್ತು ಹಸಿರು ಸೊಪ್ಪು ಅದಕ್ಕಿಂತಲೂ ಉತ್ತಮ. ಹಾಗಾಗಿ ನಾನು ಮೊದಲು ತರಕಾರಿ ಇಟ್ಟು, ಅದನ್ನು ಕುಕ್ಕಿದ ಮೇಲಷ್ಟೇ ಬಟಾಣಿ ಗಾತ್ರದ ಎರಡು ತುಂಡು ಹಣ್ಣು ಕೊಡುತ್ತೇನೆ. ಹಣ್ಣನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಉಳಿದದ್ದನ್ನು ಎರಡು ಗಂಟೆಯೊಳಗೆ ತೆಗೆದುಬಿಡಿ, ಬೇಸಿಗೆಯಲ್ಲಿ ಇನ್ನೂ ಬೇಗ. ಕಾಳಿನ ಬಟ್ಟಲಿಗೆ ಬಿದ್ದ ರಸವನ್ನು ಗಮನಿಸದಿದ್ದರೆ ಕಾಳು ಬೂಷ್ಟು ಹಿಡಿಯುತ್ತದೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಎಲ್ಲರಿಗೂ ಧನ್ಯವಾದಗಳು. ಸೇಬನ್ನು ಇಷ್ಟು ದಿನ ಬೀಜ ಸಹಿತವೇ ಇಡುತ್ತಿದ್ದೆ ಎಂದು ಒಪ್ಪಿಕೊಳ್ಳಲು ಸಂಕೋಚವಾಗುತ್ತಿದೆ. ಇಂದು ಬಿಳಿ ಹಾಳೆ ಹಾಸಿ ನೋಡಿದೆ: ಒದ್ದೆಯ ನಡುವೆ ಹಸಿರು ಎಳೆ ಸುರುಳಿಯಾಗಿಯೇ ಇತ್ತು. ಕ್ಯಾರೆಟ್ ತುರಿಯನ್ನು ಮಾತ್ರ ಅದು ಒಂದೊಂದಾಗಿ ಎತ್ತಿ ಪಂಜರದ ಹೊರಗೆ ಹಾಕಿತು.