ಕರೆಂಟು ಹೋಗಿ ಬಂದ ಮೇಲೆ ಊರಿನ ಮನೆಯಲ್ಲಿ ಇಂಟರ್ನೆಟ್ ಬರುವುದಿಲ್ಲ: ರೂಟರ್ ರೀಸ್ಟಾರ್ಟ್ ಮಾಡುವ ಸರಿಯಾದ ಕ್ರಮ ಹೇಳಿ

ಪ್ರಶ್ನೆ: ಸಾಗರದ ಮಗಳು

ನಮ್ಮ ಮನೆ ಇರುವುದು ಸಾಗರದಿಂದ ಸಾಕಷ್ಟು ಒಳಗೆ, ಗುಡ್ಡದ ಬುಡದಲ್ಲಿ. ಮೊಬೈಲ್ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಫೈಬರ್ ಬಂದ ಮೇಲೆ ಅಪ್ಪಯ್ಯ, ಅಮ್ಮ ಇಬ್ಬರ ಫೋನಿನಲ್ಲೂ ವೈಫೈ ಕಾಲಿಂಗ್ (ಸಿಗ್ನಲ್ ಇಲ್ಲದೆ ವೈಫೈ ಮೂಲಕವೇ ಕರೆ ಹೋಗುವ ವ್ಯವಸ್ಥೆ) ಹಾಕಿಕೊಟ್ಟಿದ್ದೇನೆ. ಹಾಗಾಗಿ ಇಂಟರ್ನೆಟ್ ನಿಂತರೆ ಆ ಮನೆಯ ಫೋನೂ ನಿಂತಂತೆಯೇ. ಅಪ್ಪಯ್ಯನಿಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆಯಿದೆ. ನಾನಿರುವುದು ಬೆಂಗಳೂರಿನಲ್ಲಿ. ರಾತ್ರಿ ಎಂಟಕ್ಕೆ ಫೋನು ತಗುಲದಿದ್ದರೆ ನನಗೆ ಊಟ ಸೇರುವುದಿಲ್ಲ.

ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಇದೇ ತೊಂದರೆ. ವೈಫೈ ಹೆಸರು ಕಾಣುತ್ತದೆ, ಆದರೆ 'ಇಂಟರ್ನೆಟ್ ಇಲ್ಲ' ಎಂದು ಬರುತ್ತದೆ. ಅಪ್ಪಯ್ಯ ಗೋಡೆಯ ಸ್ವಿಚ್ಚನ್ನು ತಟಕ್ಕನೆ ಆರಿಸಿ ಹಾಕುತ್ತಾರೆ. ಬರಲಿಲ್ಲವೆಂದು ಮತ್ತೆ ಆರಿಸಿ ಹಾಕುತ್ತಾರೆ. ಕೆಲವು ಸಲ ಬರುತ್ತದೆ, ಕೆಲವು ಸಲ ಎಷ್ಟು ಹೊತ್ತಾದರೂ ಇಲ್ಲ. ಕೇಬಲ್‌ನವರನ್ನು ಕೇಳಿದರೆ 'ರೀಸ್ಟಾರ್ಟ್ ಮಾಡಿ' ಎನ್ನುವುದರ ಮುಂದೆ ಮಾತೇ ಇಲ್ಲ. ಎಷ್ಟು ಹೊತ್ತು ಆರಿಸಿಡಬೇಕು? ಹೀಗೆ ಪದೇಪದೇ ಆರಿಸಿದರೆ ಪೆಟ್ಟಿಗೆ ಕೆಡುತ್ತದೆಯೇ? ವಯಸ್ಸಾದವರು ತಾವೇ ಮಾಡಿಕೊಳ್ಳುವಂತೆ ಯಾರಾದರೂ ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ಫೈಬರ್ ಕೆಲಸದವನು, ತೀರ್ಥಹಳ್ಳಿ

ಮೇಡಂ, ಸ್ವಿಚ್ಚು ಮುಟ್ಟುವ ಮೊದಲು ನಿಮ್ಮ ಅಪ್ಪಯ್ಯನವರು ಪೆಟ್ಟಿಗೆಯ ದೀಪಗಳನ್ನು ನೋಡಲಿ. ನಾನು ಹೋದ ಮನೆಗಳಲ್ಲೆಲ್ಲ ಇದನ್ನೇ ಹೇಳುತ್ತೇನೆ. ಆರಿಸಿದ ಮರುಕ್ಷಣ ಆ ಗುರುತು ಅಳಿಸಿಹೋಗುತ್ತದೆ. ಮತ್ತೆ ಹಾಕಿದಾಗ ಸರಿಯಾಗಿಬಿಟ್ಟರೆ ತೊಂದರೆ ಎಲ್ಲಿತ್ತೆಂದು ಯಾರಿಗೂ ತಿಳಿಯುವುದಿಲ್ಲ, ನಾಳೆ ಅದೇ ತೊಂದರೆ ಮತ್ತೆ ಬರುತ್ತದೆ.

ಎಲ್‌ಒಎಸ್ (LOS) ಎಂದು ಬರೆದಿರುವಲ್ಲಿ ಕೆಂಪು ದೀಪ ಮಿನುಗುತ್ತಿದ್ದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ ಎಂದರ್ಥ. ಆಗ ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಪ್ರಯೋಜನವಿಲ್ಲ. ನಮ್ಮ ಕಡೆ ಅಡಿಕೆ ಸೋಗೆ ಬಿದ್ದು ತಂತಿ ತುಂಡಾಗಿರುತ್ತದೆ, ಮಂಗ ಜಗ್ಗಿರುತ್ತದೆ, ಇಲ್ಲವೇ ಕಿಟಕಿಯ ಸಂದಿನಲ್ಲಿ ತಂತಿ ಚೂಪಾಗಿ ಬಾಗಿರುತ್ತದೆ. ಬಾಗಿದ ಕಡೆಯಲ್ಲಿ ಬೆಳಕು ಸೋರಿಹೋಗುತ್ತದೆ. ಬೆಳಕಿನ ಬಲ ಅಳೆಯುವ ನಮ್ಮ ಮೀಟರಿನಲ್ಲಿ ಮೈನಸ್ 20 ಡಿಬಿಎಂ ಆಸುಪಾಸು ತೋರಿಸಿದರೆ ನೆಮ್ಮದಿ, ಮೈನಸ್ 27ರ ಹತ್ತಿರ ಹೋದರೆ ಸಂಪರ್ಕ ಯಾವಾಗ ಬೇಕಾದರೂ ಕಡಿಯಬಹುದು. ಹಸಿರು ಕನೆಕ್ಟರನ್ನು ಎಳೆದು ಅದರ ತುದಿಯನ್ನು ಇಣುಕಿ ನೋಡುವುದಂತೂ ಬೇಡವೇ ಬೇಡ. ಅದರೊಳಗಿರುವುದು ಲೇಸರ್ ಬೆಳಕು, ಕಣ್ಣಿಗೆ ಕಾಣುವುದಿಲ್ಲ.

ಕೆಂಪು ಇಲ್ಲದೆ, ಫೈಬರ್ ಸಂಪರ್ಕ ತೋರಿಸುವ ಪಾನ್ (PON) ದೀಪ ಮಿನುಗದೆ ಹಸಿರಾಗಿ ನಿಂತಿದ್ದರೆ ಮಾತ್ರ ರೀಸ್ಟಾರ್ಟ್‌ಗೆ ಅರ್ಥವಿದೆ. ಆರಿಸಿದ ಮೇಲೆ ಕಡಿಮೆಯೆಂದರೂ ಅರ್ಧ ನಿಮಿಷ ಬಿಡಬೇಕು. ಒಳಗಿನ ಕೆಪಾಸಿಟರ್‌ಗಳಲ್ಲಿ ಸ್ವಲ್ಪ ಹೊತ್ತು ಕರೆಂಟು ಉಳಿದಿರುತ್ತದೆ, ಅದು ಇಳಿಯದೆ ಮೆಮೊರಿ ಪೂರ್ತಿ ಖಾಲಿಯಾಗುವುದಿಲ್ಲ. ರೀಸ್ಟಾರ್ಟ್ ಕೆಲಸ ಮಾಡುವುದೇ ಇದರಿಂದ. ಮನೆಯ ಫೋನು, ಟಿವಿ ತೆರೆಯುವ ಒಂದೊಂದು ಸಂಪರ್ಕದ ಲೆಕ್ಕವನ್ನೂ ರೂಟರ್ ಬರೆದಿಟ್ಟುಕೊಳ್ಳುತ್ತದೆ. ಅಗ್ಗದ ಪೆಟ್ಟಿಗೆಗಳಲ್ಲಿ ಅದಕ್ಕಿರುವ ಜಾಗ ಕಡಿಮೆ, ಜೊತೆಗೆ ಒಳಗಿನ ತಂತ್ರಾಂಶದಲ್ಲಿ ದೋಷಗಳೂ ಇರುತ್ತವೆ. ತಿಂಗಳುಗಟ್ಟಲೆ ಓಡಿದಾಗ ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತದೆ. ಆರಿಸಿ ಹಾಕಿದರೆ ಎಲ್ಲವೂ ಹೊಸದಾಗಿ ಶುರುವಾಗುತ್ತದೆ.

ಹಾಕಿದ ಮೇಲೆ ಮೂರ್ನಾಲ್ಕು ನಿಮಿಷ ಸುಮ್ಮನೆ ಬಿಡಲಿ. ಬೆಳಕು ಹಿಡಿದು, ನಮ್ಮ ಕಡೆಯ ಯಂತ್ರದಲ್ಲಿ ನೋಂದಣಿಯಾಗಿ, ಲಾಗಿನ್ ಆಗಿ, ವಿಳಾಸ ಪಡೆಯಲು ಅಷ್ಟು ಸಮಯ ಬೇಕು. ಫೈಬರ್ ಪೆಟ್ಟಿಗೆ ಬೇರೆ, ರೂಟರ್ ಬೇರೆ ಇದ್ದರೆ ಮೊದಲು ಫೈಬರಿನದನ್ನು ಹಾಕಿ, ಪಾನ್ ದೀಪ ನಿಂತ ಮೇಲೆ ರೂಟರ್ ಹಾಕಬೇಕು.

ಹಿಂದೆ ರೀಸೆಟ್ ಎಂದು ಬರೆದ ಸಣ್ಣ ತೂತಿರುತ್ತದೆ. ಅದರೊಳಗೆ ಪಿನ್ನು ತೂರಿಸಿ ಒತ್ತಿ ಹಿಡಿದರೆ ಲಾಗಿನ್ ಹೆಸರು, ನಮ್ಮವರು ಸಂಪರ್ಕಕ್ಕೆಂದು ಹಾಕಿದ ವಿಎಲ್ಎಎನ್ (VLAN) ಸಂಖ್ಯೆ, ವೈಫೈ ಪಾಸ್‌ವರ್ಡ್ ಎಲ್ಲವೂ ಅಳಿಸಿಹೋಗುತ್ತವೆ. ಮತ್ತೆ ನಮ್ಮವರೇ ಬಂದು ಹಾಕಬೇಕು. ಮಳೆಗಾಲದಲ್ಲಿ ಒಳಗಿನ ಊರುಗಳಿಗೆ ಬರುವುದು ಎಷ್ಟು ದಿನವಾಗುತ್ತದೆಂದು ನಿಮಗೇ ಗೊತ್ತು. ಈಗಲೇ ಅದರ ಮೇಲೆ ಒಂದು ಟೇಪು ಅಂಟಿಸಲು ಹೇಳಿ.

ಸಾಗರದ ಮಗಳು:

ತುಂಬಾ ಧನ್ಯವಾದ. ನಿನ್ನೆ ಸಂಜೆ ಮತ್ತೆ ಹಾಗೆಯೇ ಆಯಿತು. ಅಪ್ಪಯ್ಯ ನೀವು ಹೇಳಿದಂತೆ ನೋಡಿ, ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದರು. ಪವರ್ ಹಸಿರು, ಪಾನ್ ಹಸಿರು, ಎಲ್‌ಒಎಸ್ ಆರಿದೆ, ಇಂಟರ್ನೆಟ್ ಎಂದು ಬರೆದಿರುವ ದೀಪವೂ ಆರಿದೆ. ಫೋನಿನ ಬ್ರೌಸರಿನಲ್ಲಿ 192.168.1.1 ಎಂದು ಹಾಕಿದರೆ ರೂಟರಿನ ಸೆಟ್ಟಿಂಗ್ ಪುಟ ತೆರೆಯುತ್ತದೆ. ಮನೆಯಲ್ಲಿ ಇನ್ವರ್ಟರ್ ಇದೆ, ಆದರೆ ರೂಟರ್ ಇರುವ ಜಗಲಿಯ ಪ್ಲಗ್ಗಿಗೆ ಅದರ ಲೈನ್ ಕೊಟ್ಟಿಲ್ಲ.

ಉತ್ತರ: ಮೈಸೂರಿನ ನೆಟ್‌ವರ್ಕ್ ಉದ್ಯೋಗಿ

ಪದೇಪದೇ ರೀಸ್ಟಾರ್ಟ್ ಮಾಡಿದರೆ ಕೆಡುತ್ತದೆಯೇ ಎಂದು ಕೇಳಿದ್ದೀರಿ. ಆಗೊಮ್ಮೆ ಈಗೊಮ್ಮೆ ಸರಿಯಾಗಿ ಆರಿಸಿ ಹಾಕಿದರೆ ಏನೂ ಆಗುವುದಿಲ್ಲ, ಒಳ್ಳೆಯದೂ ಹೌದು. 2018ರ ಮೇ ತಿಂಗಳಿನಲ್ಲಿ ಅಮೆರಿಕದ ಎಫ್‌ಬಿಐ ಸಂಸ್ಥೆಯೇ ಮನೆಯ ರೂಟರ್‌ಗಳನ್ನು ರೀಸ್ಟಾರ್ಟ್ ಮಾಡಿ ಎಂದು ಜನರಿಗೆ ಕರೆ ಕೊಟ್ಟಿತ್ತು. ವಿಪಿಎನ್‌ಫಿಲ್ಟರ್ ಎಂಬ ದುಷ್ಟ ತಂತ್ರಾಂಶ ಕನಿಷ್ಠ 54 ದೇಶಗಳಲ್ಲಿ ಐದು ಲಕ್ಷದಷ್ಟು ಸಾಧನಗಳಿಗೆ ಹೊಕ್ಕಿತ್ತು. ಅದರ ಹೆಚ್ಚಿನ ಭಾಗ ಮೆಮೊರಿಯಲ್ಲಷ್ಟೇ ಇದ್ದುದರಿಂದ ರೀಸ್ಟಾರ್ಟ್ ಮಾಡಿದರೆ ಅಳಿಯುತ್ತಿತ್ತು. ಮೊದಲು ಹೊಕ್ಕ ಸಣ್ಣ ಭಾಗ ಮಾತ್ರ ಉಳಿಯುತ್ತಿತ್ತು. ಆದ್ದರಿಂದ ರೂಟರಿನ ಪುಟದಲ್ಲಿ ತಂತ್ರಾಂಶದ ಹೊಸ ಆವೃತ್ತಿ ಇದೆಯೇ ನೋಡಿ, ಅಡ್ಮಿನ್ ಪಾಸ್‌ವರ್ಡನ್ನೂ ಬದಲಿಸಿ. ಕೆಲವು ರೂಟರ್‌ಗಳಲ್ಲಿ ವಾರಕ್ಕೊಮ್ಮೆ ತಾನಾಗಿಯೇ ರೀಸ್ಟಾರ್ಟ್ ಆಗುವ ಆಯ್ಕೆ ಇರುತ್ತದೆ. ನಿಮ್ಮ ಮನೆಗೆ ಅದನ್ನು ಹಾಕುವುದಾದರೆ ನಡುಹಗಲಿಗೆ ಹಾಕಿ. ಬೆಳಗಿನ ಜಾವ ಮೂರಕ್ಕೆ ಹಾಕುವುದು ರೂಢಿ, ಆದರೆ ಫೋನೇ ವೈಫೈ ಮೇಲೆ ನಿಂತಿರುವ ಮನೆಯಲ್ಲಿ ಆ ಹೊತ್ತಿಗೆ ಸಂಪರ್ಕ ಬಾರದೆ ಹೋದರೆ ನೋಡುವವರು ಯಾರೂ ಇರುವುದಿಲ್ಲ.

ಉತ್ತರ: ಫೈಬರ್ ಕೆಲಸದವನು, ತೀರ್ಥಹಳ್ಳಿ

ಅಪ್ಪಯ್ಯನವರು ಬರೆದಿಟ್ಟದ್ದು ಬಹಳ ಒಳ್ಳೆಯದಾಯಿತು. ಪಾನ್ ನಿಂತಿದೆ, ಇಂಟರ್ನೆಟ್ ಆರಿದೆ ಎಂದರೆ ಫೈಬರ್ ಸರಿಯಿದೆ, ಲಾಗಿನ್ ಆಗುತ್ತಿಲ್ಲ. ಸಂಪರ್ಕ ಪಿಪಿಪಿಒಇ (PPPoE) ಬಗೆಯದಾಗಿದ್ದರೆ, ಅಂದರೆ ರೂಟರ್ ಹೆಸರು, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವಂಥದ್ದಾಗಿದ್ದರೆ, ಇದಕ್ಕೆ ಕಾರಣ ಹೆಚ್ಚಾಗಿ ಹಳೆಯ ಸೆಷನ್, ಎಂದರೆ ಹಿಂದಿನ ಲಾಗಿನ್ ಮುಗಿಯದೆ ಉಳಿದಿರುವುದು. ಕರೆಂಟು ಹೋದಾಗ ರೂಟರ್ ಆ ಕಡೆಯ ಸರ್ವರಿಗೆ ಹೇಳದೆ ಕೇಳದೆ ನಿಂತುಬಿಡುತ್ತದೆ. ಸರ್ವರಿನ ಲೆಕ್ಕದಲ್ಲಿ ಆ ಗ್ರಾಹಕ ಇನ್ನೂ ಸಂಪರ್ಕದಲ್ಲೇ ಇರುತ್ತಾನೆ. ಒಂದು ಹೆಸರಿಗೆ ಒಂದೇ ಸೆಷನ್ ಎಂದು ಹಲವು ಕಡೆ ಕಟ್ಟುಪಾಡಿರುವುದರಿಂದ ಹೊಸ ಲಾಗಿನ್ ತಿರಸ್ಕೃತವಾಗುತ್ತದೆ. ಹಳೆಯದು ತಾನಾಗಿ ಕಳಚಲು ಕೆಲವು ನಿಮಿಷ ಬೇಕು. ಅಷ್ಟರಲ್ಲಿ ಆರಿಸಿ ಹಾಕುತ್ತಿದ್ದರೆ, ಇನ್ನೇನು ಲಾಗಿನ್ ಆಯಿತು ಎನ್ನುವಾಗ ಅದೂ ಅರ್ಧಕ್ಕೆ ಕಡಿದು ಮತ್ತೊಂದು ಹಳೆಯ ಸೆಷನ್ ಉಳಿಯುತ್ತದೆ. ಕೆಲವು ಸಲ ಬಂದು ಕೆಲವು ಸಲ ಬಾರದಿರುವುದಕ್ಕೆ ಇದೇ ಕಾರಣವಿರಬೇಕು.

ಹಾಗಾದಾಗ ಆರಿಸಿ ಐದು ನಿಮಿಷ ಬಿಟ್ಟು ಒಂದೇ ಸಲ ಹಾಕಲಿ. ಆಗಲೂ ಬಾರದಿದ್ದರೆ ಕೇಬಲ್‌ನವರಿಗೆ 'ಹಳೆಯ ಸೆಷನ್ ತೆಗೆಯಿರಿ' ಎಂದೇ ಹೇಳಿ. ಅವರು ಕೂತಲ್ಲಿಂದಲೇ ಮಾಡಬಹುದಾದ ಕೆಲಸ ಅದು, 'ರೀಸ್ಟಾರ್ಟ್ ಮಾಡಿ' ಎಂದು ಸಾಗಹಾಕುವುದಕ್ಕೆ ಬಿಡಬೇಡಿ.

ಆದರೆ ನಿಮ್ಮ ಮನೆಗೆ ನಿಜವಾಗಿ ಬೇಕಾದದ್ದು ಪೆಟ್ಟಿಗೆಗೆ ಕರೆಂಟು ತಪ್ಪದಂತೆ ನೋಡಿಕೊಳ್ಳುವುದು. ಎಲೆಕ್ಟ್ರಿಷಿಯನ್ ಕರೆಸಿ ಜಗಲಿಯ ಪ್ಲಗ್ಗಿಗೆ ಇನ್ವರ್ಟರ್ ಲೈನ್ ಕೊಡಿಸಿ, ಕರೆಂಟು ಹೋದ ಕೂಡಲೇ ಬ್ಯಾಟರಿಗೆ ಬದಲಾಗುವಂತೆ ಇನ್ವರ್ಟರನ್ನು ಯುಪಿಎಸ್ ಮೋಡ್‌ನಲ್ಲಿಡಿ. ಇಲ್ಲವಾದರೆ ರೂಟರಿಗೆಂದೇ ಸಿಗುವ ಸಣ್ಣ ಬ್ಯಾಟರಿ ಪೆಟ್ಟಿಗೆ, ಮಿನಿ ಯುಪಿಎಸ್, ತನ್ನಿ. ಕೊಳ್ಳುವ ಮೊದಲು ಅಡಾಪ್ಟರಿನ ಮೇಲಿನ ಬರಹ ನೋಡಿ. ವೋಲ್ಟ್ ಅಷ್ಟೇ ಇರಬೇಕು, ಸಾಮಾನ್ಯವಾಗಿ 12 ಇರುತ್ತದೆ. ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬಹುದು, ಕಡಿಮೆ ಇರಬಾರದು. ಅಡಾಪ್ಟರ್ ಹಳತಾಗಿ ಕೈಯಿಡಲಾಗದಷ್ಟು ಬಿಸಿಯಾಗುತ್ತಿದ್ದರೆ ಅದನ್ನೂ ಬದಲಿಸಿ.

ಗುಡುಗು ಶುರುವಾದರೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. ಆಗ ಸ್ವಿಚ್ಚು ಆರಿಸಿದರೆ ಸಾಲದು, ಅಡಾಪ್ಟರನ್ನು ಪ್ಲಗ್ಗಿನಿಂದ ಕಿತ್ತಿಡಬೇಕು. ಫೈಬರಿನ ಗಾಜು ಕರೆಂಟು ಒಯ್ಯುವುದಿಲ್ಲ, ಆದರೆ ನಮ್ಮ ಕಡೆ ಸಿಡಿಲಿಗೆ ಸುಡುವ ಪೆಟ್ಟಿಗೆಗಳು ಹೆಚ್ಚಾಗಿ ಸುಡುವುದು ಕರೆಂಟಿನ ಲೈನಿನಿಂದಲೇ. ಕಿತ್ತಿಡುವ ಮೊದಲು ನಿಮಗೆ ಒಂದು ಫೋನು ಮಾಡಿ ಹೇಳಲಿ, ಬೆಂಗಳೂರಿನಲ್ಲಿ ನೀವು ಗಾಬರಿಯಾಗುವುದು ತಪ್ಪುತ್ತದೆ.

ಇನ್ನೊಂದು. ಮನೆಯಲ್ಲಿ ಯುಪಿಎಸ್ ಇದ್ದೂ ಎಲ್‌ಒಎಸ್ ಕೆಂಪಾದರೆ ಪಕ್ಕದ ಮನೆಯಲ್ಲೂ ಹಾಗೆಯೇ ಆಗಿದೆಯೇ ಎಂದು ಮೊದಲು ವಿಚಾರಿಸಲಿ. ಎಲ್ಲರ ಮನೆಯಲ್ಲೂ ಕೆಂಪಿದ್ದರೆ ಮುಖ್ಯ ಕೇಬಲ್ ಕಡಿದಿರಬೇಕು, ಇಲ್ಲವೇ ಕೇಬಲ್‌ನವರ ಕಡೆಯ ಬ್ಯಾಟರಿ ಮುಗಿದಿರಬೇಕು. ದೂರು ಕೊಡುವಾಗ 'ಕೇರಿಗೆಲ್ಲ ಕೆಂಪು' ಎಂದು ಹೇಳಿ. ಒಂದು ಮನೆಯ ದೂರಿಗಿಂತ ಅದಕ್ಕೆ ಬೇಗ ಹೊರಡುತ್ತೇವೆ.