ಅಪ್‌ಡೇಟ್: ಪಿಡಿಎಫ್ ಮಾಡುವಾಗ ಮುಚ್ಚಿಹೋಗುತ್ತಿದ್ದ ಫೈಲ್ ಸರಿಹೋಯಿತು

ಹೋದ ವಾರ ಕೇಳಿದ್ದೆ, ನೆನಪಿದೆಯಲ್ವಾ? ನನ್ನ 64 ಪುಟದ ಫೈಲನ್ನು ಪಿಡಿಎಫ್ ಮಾಡಲು ಹೋದರೆ ಸಾಫ್ಟ್‌ವೇರ್ ಯಾವ ಸಂದೇಶವನ್ನೂ ತೋರಿಸದೆ ಮುಚ್ಚಿಹೋಗುತ್ತಿತ್ತು. ಈಗ ಸರಿಹೋಗಿದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಮೊದಲು ಸೇಫ್ ಮೋಡ್‌ನಲ್ಲಿ, ಅಂದರೆ ಎಕ್ಸ್‌ಟೆನ್ಶನ್ (ಆಮೇಲೆ ಸೇರಿಸಿಕೊಂಡ ಸಣ್ಣ ಪ್ರೋಗ್ರಾಂ), ನನ್ನ ಸೆಟ್ಟಿಂಗ್ ಯಾವುದೂ ಇಲ್ಲದೆ ಸಾಫ್ಟ್‌ವೇರ್ ತೆರೆದು ನೋಡಿದೆ. ಅಲ್ಲೂ ಅದೇ ಕಥೆ. ಹಾಗಾಗಿ ಎಕ್ಸ್‌ಟೆನ್ಶನ್, ಸೆಟ್ಟಿಂಗ್‌ಗಳ ಮೇಲಿನ ಅನುಮಾನ ಹೋಯಿತು. ಆಮೇಲೆ ಕೈ ಹಿಡಿದದ್ದು ನಿಮ್ಮಲ್ಲೊಬ್ಬರು ಹೇಳಿದ ಉಪಾಯ. ಫೈಲಿನ ಕಾಪಿ ಮಾಡಿಕೊಂಡು ಅರ್ಧದಷ್ಟು ಪುಟಗಳನ್ನು ಅಳಿಸಿ, ಪಿಡಿಎಫ್ ಮಾಡಿ ನೋಡಿ. ತೊಂದರೆ ಇರುವ ಅರ್ಧವನ್ನು ಇಟ್ಟುಕೊಂಡು ಮತ್ತೆ ಅರ್ಧ ಮಾಡಿ. 32, 16, 8, 4, 2... ಆರೇ ಸಲಕ್ಕೆ ಒಂದು ಪುಟಕ್ಕೆ ಬಂದು ನಿಂತೆ! ಅದರಲ್ಲೊಂದು ಟೇಬಲ್, ಒಂದು ಸೆಲ್‌ನೊಳಗೆ ಬೇರೆ ಕಡೆಯಿಂದ ಪೇಸ್ಟ್ ಮಾಡಿದ್ದ ಚಿತ್ರ. ಆ ಚಿತ್ರವನ್ನು ತೆಗೆದು, ಪಿಎನ್‌ಜಿ ಆಗಿ ಸೇವ್ ಮಾಡಿ ಮತ್ತೆ ಸೇರಿಸಿದೆ. ಪಿಡಿಎಫ್ ಆಯಿತು.

ಸುಮ್ನೆ "ಕೆಲಸ ಮಾಡ್ತಿಲ್ಲ" ಅಂತಷ್ಟೇ ಬರೆದಿದ್ದ ನನ್ನ ಮೇಲೆ ಯಾರೂ ಸಿಟ್ಟಾಗಲಿಲ್ಲ. ಆವೃತ್ತಿ ಯಾವುದು, ಏನು ಒತ್ತಿದಾಗ ಹೀಗಾಗುತ್ತೆ ಅಂತ ಒಂದೊಂದಾಗಿ ಕೇಳಿದಿರಿ. ನಿಮ್ಮದೇ ಸಮಯ ಕೊಟ್ಟು ಇಷ್ಟು ಮಾಡಿದ್ದು ದೊಡ್ಡ ಮಾತು.

ನನ್ನ ಫೈಲ್ ಸರಿಹೋದರೂ ಸಾಫ್ಟ್‌ವೇರ್‌ನಲ್ಲಿರುವ ಬಗ್ (ದೋಷ) ಮಾತ್ರ ಇನ್ನೂ ಹಾಗೇ ಇದೆ. ಆ ಒಂದು ಪುಟದಲ್ಲಿದ್ದ ಹೆಸರುಗಳನ್ನು ಅಳಿಸಿ, ಆವೃತ್ತಿ ಸಂಖ್ಯೆ, ಮಾಡಿದ ಹಂತಗಳನ್ನು ಬರೆದು ಡೆವಲಪರ್‌ಗಳಿಗೆ ಕಳಿಸಿದ್ದೇನೆ. ಉತ್ತರ ಬಂದ ಕೂಡಲೇ ಇಲ್ಲೇ ತಿಳಿಸುತ್ತೇನೆ.